ಬೋಳು ಬಾಗಿಲು

ಅಮ್ಮ ನಸುಕಿನಲ್ಲೇ ಬಾಗಿಲ ಮುಂದೆ ಬಿಡಿಸಿದ್ದ ಸುಳಿಸುಳಿಯ ತಮಿಳು ರಂಗೋಲಿಯನ್ನು ಅಮುದಾ ಒದ್ದೆ ಬಟ್ಟೆಯಿಂದ ಒರೆಸಿ, ಒಳಗೆ ಬಂದು ಚಿಲಕ ಹಾಕಿದಳು. ಹಿರಿಯೂರು ಬಸ್ ಸ್ಟ್ಯಾಂಡಿನ ಕಡೆಯಿಂದ ಕೂಗು ಕೇಳುತ್ತಿತ್ತು. ಕಾವೇರಿ ಗಲಾಟೆಯ ವಾರ. ತಮಿಳರ ಮನೆ ಹುಡುಕುತ್ತಿದ್ದಾರೆಂಬ ಸುದ್ದಿ ಬೇರೆ. ಆ ರಂಗೋಲಿ ಇದ್ದರೆ ಮನೆಗೆ ಬೋರ್ಡು ಬರೆಸಿ ಹಾಕಿದಂತೆಯೇ. ಸೇಲಂನಿಂದ ಕಬ್ಬು ಕಡಿಯಲು ಬಂದು ಇಲ್ಲೇ ನೆಲೆಯಾದ ಅಪ್ಪ ಜ್ವರದಲ್ಲಿ ಮಲಗಿದ್ದ. ಇಲ್ಲೇ ಹುಟ್ಟಿ, ಊರ ಮಕ್ಕಳಿಗೆ ಕನ್ನಡ ಕಲಿಸುವ ಮಗಳು ಕದಕ್ಕೆ ಬೆನ್ನು ಕೊಟ್ಟು ನಿಂತಳು.

ಹೊರಗೆ ಹಲವರ ಹೆಜ್ಜೆ ಸದ್ದು. ಯಾರೋ ಕದ ದಬದಬ ಬಡಿದರು. ಅಮುದಾ ಅಮ್ಮನ ಬಾಯಿ ಮುಚ್ಚಿದಳು.

"ಕದ ತೆಗಿಯವ್ವಾ ಅಮುದಾ! ಯಾವಾಗ ಹೋದ್ನೇ ನಿಮ್ಮಪ್ಪ?" ಎದುರುಮನೆ ತಿಪ್ಪಮ್ಮ ಆಗಲೇ ಅಳು ಶುರುಮಾಡಿದ್ದಳು. ಕದ ತೆರೆದರೆ ಅವಳ ಹಿಂದೆ ಸೆರಗು ಬಾಯಿಗೊತ್ತಿಕೊಂಡ ಹೆಂಗಸರು. ರಂಗೋಲಿಯಿಲ್ಲದ ಬಾಗಿಲೆಂದರೆ ಸಾವಿನ ಮನೆ ಎಂಬುದನ್ನು ಟೀಚರಮ್ಮ ಭಯದಲ್ಲಿ ಮರೆತಿದ್ದಳು. ಒಳಗೆ ಅಪ್ಪ ಕೆಮ್ಮಿದ.

"ಥೂ ನಿನ್ನ, ಬದುಕವ್ನೆ! ಮತ್ತೆ ಬಾಗ್ಲು ಯಾಕೆ ಬೋಳು ಮಾಡಿದ್ದೀಯೇ?"

"ನಮ್ಮನೆ ಯಾವುದು ಅಂತ ಅವರಿಗೆ ಗೊತ್ತಾಗ್ಬಾರ್ದು ಅಂತ, ಅತ್ತೆ."

"ಬೀದಿ ನೋಡೇ ಒಂದ್ಸಲ."

ಅಮುದಾ ನೋಡಿದಳು. ತಿಪ್ಪಮ್ಮನ ಬಾಗಿಲಿನಿಂದ ಹಿಡಿದು ಬೀದಿಯ ಕೊನೆಯವರೆಗೂ ಅವೇ ಸುಳಿಗಳು. ಬೀದಿಯ ಹೆಂಗಸರು ಅಮ್ಮನಿಂದ ವರ್ಷಾನುಗಟ್ಟಲೆ ಕಲಿತವು. ಇಡೀ ಬೀದಿಯಲ್ಲಿ ಬೇರೆಯಾಗಿ ಕಾಣುತ್ತಿದ್ದದ್ದು ಅವಳು ಒರೆಸಿದ ಬಾಗಿಲೊಂದೇ. ಕೂಗು ಬೀದಿಯ ತಿರುವಿಗೆ ಬಂದಿತ್ತು.

"ರಂಗೋಲಿ ಹಿಟ್ಟು ತಾರೇ ಬೇಗ," ಎನ್ನುತ್ತಾ ತಿಪ್ಪಮ್ಮ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.