ಬಾಗಿಲು ಓದಿ ಹೇಳಿದ್ದು

ಊರಿನ ಬಾಗಿಲುಗಳೆಲ್ಲ ಮಾತು ಕಲಿತ ಮೇಲೆ, ಬಂದವರಿಗೆ ಏನು ಹೇಳಬೇಕೆಂದು ಮನೆಯವರು ಬರೆದಿಟ್ಟರೆ ಸಾಕಿತ್ತು. ಕೊಡುಬಳೆ ಡಬ್ಬಿ ಹಿಡಿದು ಬಂದ ವನಜತ್ತೆ ತಮ್ಮನ ಮನೆಯ ಬಾಗಿಲು ತಟ್ಟಿದರು.

"ಅತ್ತೆ ಬಂದರೆ, ಮನೆಯಲ್ಲಿ ಯಾರೂ ಇಲ್ಲ ಅನ್ನು. ಕೈಯಲ್ಲಿ ಡಬ್ಬಿ ಇದ್ದರೆ, ತೆರೆದುಕೋ," ಎಂದು ಬಾಗಿಲು ಸ್ಪಷ್ಟವಾಗಿ ಓದಿತು.

ವನಜತ್ತೆಗೆ ಮೈಯೆಲ್ಲ ಉರಿದುಹೋಯಿತು.

ಒಳಗಿಂದ ತಮ್ಮನ ಮಗ ಪ್ರಮಥ ಕೂಗಿದ. "ಅತ್ತೆ, ಬಾಗ್ಲಿಗೆ ಈಗಷ್ಟೇ ಹೊಸ ಸರ್ವರ್ ಕೂರಿಸ್ದೆ. ಬರೆದಿದ್ದನ್ನ ಅರ್ಥ ಮಾಡ್ಕೊಂಡು ನಡೆಸೋ ಪಿಎಚ್‌ಪಿ ಹಾಕೋದು ಮರ್ತೆ. ಅದಕ್ಕೇ ಇದ್ದಿದ್ದನ್ನ ಹಾಗೇ ಓದ್ಬಿಡ್ತು."

"ಓದಿದ್ದು ಬಾಗ್ಲು. ಬರೆದಿದ್ದು ಯಾರಪ್ಪ?"

"ಎರಡೇ ನಿಮಿಷ ಅತ್ತೆ, ಸರಿಮಾಡಿ ತೆಗೀತೀನಿ."

"ನಿಧಾನಕ್ಕೆ ಮಾಡು. ಹೇಗೂ ಮನೇಲಿ ಯಾರೂ ಇಲ್ವಲ್ಲ."

ವನಜತ್ತೆ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದರು. ಒಳಗಿನವರಿಗೆ ಕೇಳುವಂತೆ ಮೊದಲ ಕೊಡುಬಳೆಯನ್ನು ಕಟಕ್ಕನೆ ಕಡಿದರು.