ಒರೆಸಿದ ಬೂದಿ

ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಗುರುಗಳು ಹಣೆಗೆ ಬೂದಿಯ ಶಿಲುಬೆ ಎಳೆಯುವಾಗ, ಆ ಒಣ ವಾಸನೆಗೆ ಈಗಲೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ಎಂಬತ್ತೊಂದರ ಬೇಸಿಗೆಯಲ್ಲಿ ಜ್ವರಕ್ಕೆ ತೀರಿಕೊಂಡ ನನ್ನ ತಮ್ಮನನ್ನು ಬೆಳಗಾವಿಯ ದವಾಖಾನೆಯಿಂದ ಖಾನಾಪುರದ ಮನೆಗೆ ತಂದಿದ್ದರು. ಹಸಿ ವಾರ್ನಿಷಿನ ಪೆಟ್ಟಿಗೆಯಲ್ಲಿ ಅವನು ಬಿಳಿ ಅಂಗಿ ತೊಟ್ಟು ಮಲಗಿದ್ದ. ಅವ್ವನ ಬೆರಳುಗಳಲ್ಲಿ ಜಪಮಾಲೆ ಇತ್ತು, ಮಣಿಗಳು ಸರಿಯುತ್ತಿರಲಿಲ್ಲ. ಆಗ ಬಾಜೂ ಮನೆಯ ಗಂಗವ್ವ ಬಂದಳು. ಅಳುತ್ತಲೇ ಸೆರಗಿನ ಗಂಟು ಬಿಚ್ಚಿ, ವಿಭೂತಿಯುಂಡೆಯ ಮೇಲೆ ಮೂರು ಬೆರಳು ತಿಕ್ಕಿ, ತಮ್ಮನ ಹಣೆಗೆ ಎಳೆದಳು.

ಆಗ ನನಗೆ ಹತ್ತು ವರ್ಷ. ಚರ್ಚಿನ ಉಪದೇಶದ ತರಗತಿಯಲ್ಲಿ ನಾನೇ ಮೊದಲಿಗಳು. “ನಾವು ಕ್ರಿಶ್ಚನ್ ಮಂದಿ! ಇದನ್ನ ಹಚ್ಚಬ್ಯಾಡ್ರಿ!” ಎಂದು ಎಲ್ಲರೆದುರು ಕಿರುಚಿ, ಕರವಸ್ತ್ರದಿಂದ ಗಸಗಸ ತಿಕ್ಕಿ ಒರೆಸಿಬಿಟ್ಟೆ. ಗಂಗವ್ವನ ಕೈ ಗಾಳಿಯಲ್ಲೇ ನಿಂತಿತು.

“ತಪ್ಪಾತವ್ವಾ,” ಎಂದಳು, ನನಗೆ.

ಅವ್ವ ಬೈಯಲಿಲ್ಲ. “ಹ್ವಾದ ಮಳಿಗಾಲದಾಗ ಅವರ ಮಗನ್ನ ಹೊಳಿ ಒಯ್ತು. ಕೊನೀಗೂ ಸಿಗಲಿಲ್ಲ. ಅವರು ಯಾರ ಹಣಿಗೆ ಹಚ್ಚಬೇಕ, ಹೇಳು?” ಎಂದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು. ಆಮೇಲೆ ಗಂಗವ್ವನ ಕೈ ಹಿಡಿದು ತನ್ನತ್ತ ಎಳೆದುಕೊಂಡಳು.

“ನನಗೂ ಹಚ್ಚರಿ, ಗಂಗವ್ವಾರ.”

ಗುರುಗಳು ಬಂದಾಗ ಅವ್ವನ ಹಣೆಯ ಮೇಲೆ ಮೂರು ಗೆರೆಗಳಿದ್ದವು. ಅವರು ಒಂದು ಗಳಿಗೆ ನೋಡಿ, ಸುಮ್ಮನೆ ಪ್ರಾರ್ಥನೆ ಶುರುಮಾಡಿದರು. ನಾನು ಆ ಕರವಸ್ತ್ರವನ್ನು ಬಲಗೈಯ ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಶಿಲುಬೆಯ ಗುರುತು ಹಾಕಿಕೊಳ್ಳುವುದಕ್ಕೂ ಆ ಮುಷ್ಟಿ ಬಿಚ್ಚಲಾಗಲಿಲ್ಲ.