ಪುಕ್ಕಲ ಲಿಫ್ಟು

ಅಕ್ಕ-ತಮ್ಮ ತಂದಿದ್ದ ಮಕ್ಕಳ ಮೂರು ಚಿತ್ರಕಥೆಗಳಲ್ಲಿ ಎರಡು, ಚಹಾ ಬರುವ ಮೊದಲೇ ಮಣ್ಣುಪಾಲಾಗಿದ್ದವು. ಹಲ್ಲುಜ್ಜದ ಮೊಸಳೆಯ ಕಥೆಗೆ ಸಂಪಾದಕಿ, "ನಮ್ಮಲ್ಲಿ ಆಗಲೇ ಒಂದು ಮೊಸಳೆ ಇದೆ" ಎಂದಳು. ಚಂದ್ರನನ್ನು ಹುಡುಕಿಕೊಂಡು ಹೋದ ಮೋಡಕ್ಕೆ ಬರೀ ಆಕಳಿಸಿದಳು. ಇನ್ನು ಉಳಿದದ್ದು ಎತ್ತರಕ್ಕೆ ಹೆದರುವ ಲಿಫ್ಟು. ಅದರ ಚಿತ್ರ ಅಕ್ಕನದು, ಮಾತು ತಮ್ಮನದು. ಅಕ್ಕ ಲಿಫ್ಟಿನಲ್ಲಿ ಬಂದು ಆರಾಮಾಗಿ ಕೂತಿದ್ದಳು. "ವ್ಯಾಯಾಮ ಆಗುತ್ತೆ" ಎಂದು ಆರು ಮಹಡಿ ಮೆಟ್ಟಿಲು ಹತ್ತಿ ಬಂದಿದ್ದ ತಮ್ಮನಿಗೆ ಏದುಸಿರು ಇನ್ನೂ ನಿಂತಿರಲಿಲ್ಲ.

"ಅಯ್ಯೋ ಪಾಪ, ಇದರ ಮುಖ ನೋಡಿ!" ಎಂದು ಸಂಪಾದಕಿ ಲಿಫ್ಟಿನ ಚಿತ್ರವನ್ನು ಹತ್ತಿರಕ್ಕೆಳೆದುಕೊಂಡಳು. ಬಿಗಿಯಾಗಿ ಮುಚ್ಚಿದ ಕಣ್ಣು, ಒಳಕ್ಕೆ ಕಚ್ಚಿಕೊಂಡ ತುಟಿ. ತಮ್ಮನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಆಕೆ ಚಿತ್ರದ ಕೆಳಗಿನ ಸಾಲಿನ ಮೇಲೆ ಹೆಬ್ಬೆರಳು ಊರಿದಳು. ಅದು ಆಕೆಯ ಪದ್ಧತಿ. ಮಾತನ್ನು ಮುಚ್ಚಿ ನೋಡುವುದು. ಚಿತ್ರವೇ ಅದನ್ನು ಹೇಳುತ್ತಿದ್ದರೆ ಮಾತನ್ನು ಹೊಡೆದುಹಾಕುವುದು. ಹೀಗಾಗಿ ಆ ಕಚೇರಿಯಲ್ಲೇ ಎಲ್ಲರಿಗಿಂತ ಹೆಚ್ಚು ಓದಿಕೊಂಡ ಹೆಂಗಸಿಗೆ, ಬೆನ್ನ ಹಿಂದೆ, ಹೆಬ್ಬೆಟ್ಟು ಎಂದು ಹೆಸರು ಬಿದ್ದಿತ್ತು.

"'ಲಿಫ್ಟು ಗಡಗಡ ನಡುಗಿತು.' ಚಿತ್ರದಲ್ಲೇ ಇದೆ." ಕೆಂಪು ಗೀಟು. "'ಒಳಗಿದ್ದವರೆಲ್ಲ ಸಿಡಿಮಿಡಿಗೊಂಡರು.' ಇದೂ ಚಿತ್ರದಲ್ಲೇ ಇದೆ."

"ಮೇಡಂ, ಸಿಡಿಮಿಡಿ ಅನ್ನೋ ಪದ ಮಕ್ಕಳಿಗೆ ಗೊತ್ತಾಗಲಿ ಅಂತ..."

"ಈ ತಾತನ ಮೀಸೆ ನೋಡಿಪ್ಪಾ. ಮೀಸೆನೇ ಸಿಡಿಮಿಡಿ ಅಂತಿದೆ." ಗೀಟು.

"ಅಕ್ಕಾ, ನೀನಾದ್ರೂ ಏನಾದ್ರೂ ಹೇಳೇ."

"ನಾನೇನೋ ಹೇಳಲಿ? ಮೀಸೆ ಚೆನ್ನಾಗೇ ಬಂದಿದೆ."

ಹಾಳೆಗಳು ಮಗುಚುತ್ತ ಹೋದವು, ಗೀಟುಗಳು ಬೀಳುತ್ತ ಹೋದವು. ಮಾತಿಲ್ಲದ ಪುಸ್ತಕವಾದರೆ ಮುಖಪುಟದಲ್ಲಿ ಚಿತ್ರ ಬರೆದವರ ಹೆಸರು ಮಾತ್ರ ಎಂದು ಸಂಪಾದಕಿ ಮೊದಲೇ ಹೇಳಿಬಿಟ್ಟಿದ್ದಳು. ಈ ಸಲ ತನ್ನ ಹೆಸರು ಅಚ್ಚಾಗಿಯೇ ಆಗುತ್ತದೆಂದು ಅವನು ಹೆಂಡತಿಯ ಮುಂದೆ, ಮಾವನ ಮುಂದೆ, ಕಡೆಗೆ ಕೂದಲು ಕತ್ತರಿಸುವವನ ಮುಂದೆಯೂ ಜಂಬ ಕೊಚ್ಚಿಕೊಂಡಿದ್ದ. ಮಾವ ಮಾತ್ರ, "ಪುಸ್ತಕ ಕೈಗೆ ಬರಲಿ, ಆಮೇಲೆ ನೋಡೋಣ" ಎಂದು ಪತ್ರಿಕೆಯೊಳಗೆ ಮುಖ ಹುದುಗಿಸಿದ್ದರು. ಆ ಪತ್ರಿಕೆಯನ್ನು ಅವರು ಇನ್ನು ಜನ್ಮದಲ್ಲಿ ಕೆಳಗಿಳಿಸುವ ಹಾಗೆ ಕಾಣಲಿಲ್ಲ.

ಕೊನೆಯ ಹಾಳೆ ಬಂತು. ಪುಟ್ಟ ಹುಡುಗಿಯೊಬ್ಬಳು ಲಿಫ್ಟಿನ ಬಾಗಿಲಿಗೆ ಬಾಯಿ ತಾಗಿಸಿ, ಅಂಗೈ ಅಡ್ಡ ಹಿಡಿದು, ಗುಟ್ಟಾಗಿ ಏನೋ ಹೇಳುತ್ತಿದ್ದಾಳೆ. ಅದನ್ನು ಕೇಳಿದ ಮೇಲೆಯೇ ಲಿಫ್ಟು ಮೇಲಕ್ಕೆ ಹೊರಡುವುದು. ಸಂಪಾದಕಿ ಹುಡುಗಿಯ ಮಾತನ್ನು ಜೋರಾಗಿ ಓದಿದಳು: "'ಓ ಲಿಫ್ಟೇ, ಭಯಪಡಬೇಡ. ಸತತ ಪ್ರಯತ್ನದಿಂದ ಸಾಧಿಸಲಾಗದ್ದು ಈ ಜಗತ್ತಿನಲ್ಲಿ ಯಾವುದೂ ಇಲ್ಲ.'" ಕನ್ನಡಕ ತೆಗೆದಳು. "ಈ ಮಗು ಏನು, ಚುನಾವಣೆಗೆ ನಿಂತಿದೆಯಾ?"

ಅಕ್ಕ ಕಿಸಕ್ಕನೆ ನಕ್ಕಳು. ಗೀಟು ಬಿತ್ತು. ಹಾಳೆಯಲ್ಲಿ ಈಗ ತಮ್ಮನದು ಅನ್ನುವಂಥದ್ದು ಒಂದು ಪೂರ್ಣವಿರಾಮವೂ ಉಳಿಯಲಿಲ್ಲ.

"ಆದರೆ ಇವಳು ಏನೋ ಹೇಳ್ತಾ ಇದ್ದಾಳಲ್ಲ" ಎಂದು ಸಂಪಾದಕಿ ಪೆನ್ಸಿಲಿನಿಂದ ಹುಡುಗಿಯ ಬಾಯಿಯನ್ನು ಮುಟ್ಟಿದಳು. "ಏನದು? ಭಾಷಣ ಬೇಡ. ಲಿಫ್ಟು ಹೆದರಿಕೊಂಡು ನಿಂತುಬಿಟ್ಟಿದೆ, ಇವಳು ಅದರ ಹತ್ತಿರ ಹೋದಳು. ಹೇಳಿ, ಏನಂದಳು?"

ತಮ್ಮ ಚಿತ್ರವನ್ನು ನೋಡಿದ. ಬೆಳಗ್ಗೆ ಕೆಳಗಡೆ ಲಿಫ್ಟಿನ ಬಾಗಿಲು ತೆರೆದುಕೊಂಡಿದ್ದು, ತನ್ನ ಕಾಲು ತಾನಾಗಿಯೇ ಮೆಟ್ಟಿಲ ಕಡೆ ತಿರುಗಿದ್ದು ನೆನಪಾಯಿತು. "ನಂಗೂ ಭಯ" ಎಂದ.

"ಏನು?"

"ಅಷ್ಟೇ ಮೇಡಂ. 'ನಂಗೂ ಭಯ' ಅಂದಳು."

ಸಂಪಾದಕಿ ಆ ಎರಡು ಪದಗಳನ್ನು ಹಾಳೆಯ ಕೆಳಗೆ ಬರೆದಳು. ಹೆಬ್ಬೆರಳಿನಿಂದ ಮುಚ್ಚಿದಳು. ತೆಗೆದಳು. ಮತ್ತೆ ಮುಚ್ಚಿದಳು. ಬೆರಳು ಎದ್ದಿತು, ಪೆನ್ಸಿಲು ಕೆಳಕ್ಕಿಳಿಯಲಿಲ್ಲ.

"ಇದು ಚಿತ್ರದಲ್ಲಿಲ್ಲ" ಎಂದಳು. "ಇರಲಿ. ಇಬ್ಬರ ಹೆಸರೂ ಹಾಕೋಣ."

"ಎರಡು ಪದಕ್ಕಾ ಮೇಡಂ?" ಅಕ್ಕ ಚಿತ್ರಗಳನ್ನು ಜೋಡಿಸಿಕೊಳ್ಳುತ್ತ ಕೇಳಿದಳು. "ಇವನ ಹೆಸರೇ ಇವನ ಕಥೆಗಿಂತ ಉದ್ದ ಇದೆ."

ಹೊರಗೆ ಬಂದರೆ ಲಿಫ್ಟು ಬಾಯಿ ತೆರೆದುಕೊಂಡು ನಿಂತಿತ್ತು. "ಬನ್ನಿ ಸಾಹಿತಿಗಳೇ" ಎಂದು ಅಕ್ಕ ದೊಡ್ಡ ಫೈಲನ್ನು ತಬ್ಬಿಕೊಂಡು ಒಳಗೆ ಹೋದಳು. ಇಂಥ ಪುಸ್ತಕ ಬರೆದು ಇನ್ನೂ ಮೆಟ್ಟಿಲಿಳಿಯುವುದೆಂದರೆ ಮಾನಗೇಡು ಎಂದು ತಮ್ಮನೂ ಕಾಲಿಟ್ಟ. ಬಾಗಿಲು ಮುಚ್ಚಿತು. ಲಿಫ್ಟು ಒಮ್ಮೆ ಧಡಕ್ಕೆಂದು ಅಲುಗಿ ಕೆಳಕ್ಕೆ ಹೊರಟಿತು. ಅವನು ಅಕ್ಕನ ತೋಳು ಹಿಡಿದುಕೊಳ್ಳಲು ತಿರುಗಿದ.

ಅಕ್ಕನ ಕಣ್ಣು ಬಿಗಿಯಾಗಿ ಮುಚ್ಚಿತ್ತು. ತುಟಿ ಒಳಕ್ಕೆ ಕಚ್ಚಿಕೊಂಡಿತ್ತು. ಫೈಲನ್ನು ಹಿಡಿದಿದ್ದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಹುಟ್ಟಿದಾಗಿನಿಂದ ತನ್ನನ್ನು ಪುಕ್ಕಲ ಪುಕ್ಕಲ ಎಂದು ಆಡಿಕೊಂಡವಳು! ನಾಲಿಗೆಯ ತುದಿಗೆ ಒಂದಲ್ಲ, ಹತ್ತು ಮಾತು ಬಂದವು. ತಮ್ಮ ಬಾಯಿ ತೆರೆದ. ಮತ್ತೊಮ್ಮೆ ಅವಳ ಮುಖ ನೋಡಿದ. ನಿಧಾನಕ್ಕೆ ಹೆಬ್ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡ.